ಮಿದುಳಿನ ಮಾದರಿಯ ಗಣಕವೂ ಹೂಡಿಕೆದಾರನ ವಿವೇಕವೂ

ಸಂಸಾರಸ್ಥರು ಹಣ ಕೂಡಿಡುವ ರೀತಿ ಒಂದು ತಲೆಮಾರಿನ ಅವಧಿಯಲ್ಲಿ ಬಹಳವಾಗಿ ಬದಲಾಗಿದೆ. ಹಿರಿಯರು ಹೊಲವನ್ನು ಕೊಂಡರು, ಬಂಗಾರವನ್ನು ಮಾಡಿಸಿದರು, ಉಳಿದುದನ್ನು ಸಹಕಾರಿ ಬ್ಯಾಂಕಿನಲ್ಲಿ ಮುದ್ದತಿ ಠೇವಣಿಯಾಗಿ ಇಟ್ಟರು. ಇಂದು ಬೆಂಗಳೂರಿನಲ್ಲಿಯೋ ಅಮೆರಿಕೆಯಲ್ಲಿಯೋ ಉದ್ಯೋಗದಲ್ಲಿರುವ ಮಕ್ಕಳು ಷೇರುಪೇಟೆಯ ಮಾತನ್ನು ಊಟದ ಪಂಕ್ತಿಗೂ ತಂದಿದ್ದಾರೆ. ಅದರಲ್ಲಿಯೂ ಗಣಕಯಂತ್ರದ ಚಿಪ್ಪುಗಳನ್ನು ತಯಾರಿಸುವ ಕಂಪನಿಗಳ ಷೇರೆಂದರೆ ಎಲ್ಲರಿಗೂ ಆಕರ್ಷಣೆ. ರಿಜರ್ವ್ ಬ್ಯಾಂಕಿನ ನಿಯಮದಂತೆ ನಿವಾಸಿ ಭಾರತೀಯನೊಬ್ಬನು ಒಂದು ಆರ್ಥಿಕ ವರ್ಷದಲ್ಲಿ 2.5 ಲಕ್ಷ ಡಾಲರುಗಳವರೆಗೆ ಹೊರದೇಶಕ್ಕೆ ಕಳುಹಿಸಬಹುದಾದ್ದರಿಂದ, ನ್ಯೂಯಾರ್ಕಿನ ಷೇರು ಕೊಳ್ಳುವುದು ಈಗ ಹುಬ್ಬಳ್ಳಿಯ ಮನೆಯಲ್ಲಿ ಕುಳಿತವರಿಗೂ ಅಸಾಧ್ಯವಾದುದಲ್ಲ.

ಇಂಥ ಹೊತ್ತಿನಲ್ಲಿ ಆಗಾಗ ಒಂದು ಬಗೆಯ ಸುದ್ದಿ ಬರುತ್ತದೆ. “ಮಾನವನ ಮಿದುಳಿನಂತೆ ಕೆಲಸ ಮಾಡುವ ಚಿಪ್ಪಿಗಾಗಿ ಇಂಥ ಕಂಪನಿಯೂ ಇಂಥ ವಿಶ್ವವಿದ್ಯಾಲಯವೂ ಕೈಜೋಡಿಸಿವೆ” ಎಂಬುದು ಅದರ ಒಕ್ಕಣೆ. ಕೇಳಿದವರ ಮನಸ್ಸು ಹಿಗ್ಗುತ್ತದೆ. ಇದ್ದಬದ್ದ ಉಳಿತಾಯವನ್ನು ಅಲ್ಲಿಗೆ ಹರಿಸೋಣವೆನಿಸುತ್ತದೆ. ಈ ಸಹಯೋಗಗಳ ನಿಜವಾದ ಸ್ವರೂಪವೇನು, ಅವು ವಿಜ್ಞಾನಕ್ಕೆ ಕೊಡುವುದೇನು, ಹಣ ಹೂಡುವವನಿಗೆ ಹೇಳುವುದೇನು ಎಂಬುದನ್ನು ಈ ಲೇಖನದಲ್ಲಿ ವಿವೇಚಿಸಲಾಗಿದೆ.

ಇಪ್ಪತ್ತು ವಾಟ್‌ಗಳ ಅದ್ಭುತ

ಮಾನವನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ನೋಡುವುದು, ಕೇಳುವುದು, ನೆನೆಯುವುದು, ನಿರ್ಣಯಿಸುವುದು ಮುಂತಾದ ಎಲ್ಲ ವ್ಯಾಪಾರಗಳನ್ನು ನಡೆಸಿಕೊಂಡೂ ಅದು ಬಳಸುವ ಶಕ್ತಿ ಸುಮಾರು 20 ವಾಟ್ ಮಾತ್ರ. ಒಂದು ಸಣ್ಣ ದೀಪಕ್ಕೆ ಸಾಲುವಷ್ಟು. ಕೃತಕ ಬುದ್ಧಿಮತ್ತೆಗಾಗಿ ಇಂದು ಕಟ್ಟುತ್ತಿರುವ ದತ್ತಾಂಶ ಕೇಂದ್ರಗಳಾದರೋ ಒಂದೊಂದು ಪಟ್ಟಣಕ್ಕೆ ಸಾಲುವಷ್ಟು ವಿದ್ಯುತ್ತನ್ನು ಬೇಡುತ್ತವೆ. ಈ ಅಂತರವೇ ವಿಜ್ಞಾನಿಗಳನ್ನು ಮಿದುಳಿನ ಕಡೆಗೆ ತಿರುಗಿಸಿತು.

ಅಂತರದ ಕಾರಣವನ್ನು ಒಂದು ದೃಷ್ಟಾಂತದಿಂದ ತಿಳಿಯಬಹುದು. ಜಾತ್ರೆಯ ದಾಸೋಹದಲ್ಲಿ ಅಡುಗೆಯ ಒಲೆ ಒಂದು ಮೂಲೆಯಲ್ಲಿ, ಉಗ್ರಾಣ ಇನ್ನೊಂದು ಮೂಲೆಯಲ್ಲಿ ಇದೆಯೆಂದುಕೊಳ್ಳಿ. ಬಾಣಸಿಗನು ಹಿಡಿ ಉಪ್ಪಿಗೊಮ್ಮೆ, ಹಿಡಿ ಬೇಳೆಗೊಮ್ಮೆ ಓಡಾಡಬೇಕಾದರೆ ಅಡುಗೆಗಿಂತ ನಡಿಗೆಯಲ್ಲಿಯೇ ಆತನ ಶಕ್ತಿ ವ್ಯಯವಾಗುತ್ತದೆ. ನಮ್ಮ ಗಣಕಯಂತ್ರಗಳ ರಚನೆ ಇಂಥದು. ಲೆಕ್ಕ ಮಾಡುವ ಭಾಗ ಬೇರೆ, ನೆನಪಿಡುವ ಭಾಗ ಬೇರೆ. ಪ್ರತಿಯೊಂದು ಅಂಕಿಯೂ ಅವೆರಡರ ನಡುವೆ ಅಲೆಯಬೇಕು. 1945ರಲ್ಲಿ ಜಾನ್ ಫಾನ್ ನಾಯ್ಮನ್ ವಿವರಿಸಿದ ಈ ವಿನ್ಯಾಸವು ಇಂದಿಗೂ ಬಹುತೇಕ ಯಂತ್ರಗಳ ಅಡಿಗಲ್ಲಾಗಿದೆ. ಮಿದುಳಿನಲ್ಲಾದರೆ ಒಲೆಯ ಪಕ್ಕದಲ್ಲಿಯೇ ಉಗ್ರಾಣ. ನರಕೋಶಗಳು ಸೇರುವ ಸಂಧಿಗಳಲ್ಲಿಯೇ ನೆನಪೂ ಉಂಟು, ಸಂಸ್ಕರಣವೂ ಉಂಟು. ಮೇಲಾಗಿ ನರಕೋಶವು ಸುಮ್ಮಸುಮ್ಮನೆ ದುಡಿಯುವುದಿಲ್ಲ. ಹೇಳಬೇಕಾದುದು ಇದ್ದಾಗ ಒಂದು ಮಿಡಿತವನ್ನು ಕಳುಹಿಸಿ ಮತ್ತೆ ಮೌನವಾಗುತ್ತದೆ. ಈ ಎರಡು ಗುಣಗಳನ್ನು ಸಿಲಿಕಾನಿನಲ್ಲಿ ತರುವ ಯತ್ನಕ್ಕೆ ‘ನ್ಯೂರೋಮಾರ್ಫಿಕ್’, ಅರ್ಥಾತ್ ನರವ್ಯೂಹದ ರೂಪನ್ನು ತಾಳಿದ ಗಣನೆ ಎಂದು ಹೆಸರಾಗಿದೆ.

ಬಿತ್ತಿದ್ದು ಒಂದು, ಬೆಳೆದದ್ದು ಇನ್ನೊಂದು

ಈ ಶಾಸ್ತ್ರದ ಪ್ರವರ್ತಕರು ಅಮೆರಿಕೆಯ ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯ ಪ್ರಾಧ್ಯಾಪಕ ಕಾರ್ವರ್ ಮೀಡ್. 1980ರ ದಶಕದಲ್ಲಿ ಅವರೂ ಅವರ ಶಿಷ್ಯೆ ಮಿಶಾ ಮಹೊವಾಲ್ಡ್ ಅವರೂ ಕಣ್ಣಿನ ಅಕ್ಷಿಪಟಲದ ಕಾರ್ಯವನ್ನು ಅನುಸರಿಸುವ ಚಿಪ್ಪೊಂದನ್ನು ರೂಪಿಸಿದರು. 1986ರಲ್ಲಿ ಮೀಡ್ ಅವರು ಫೆಡೆರಿಕೊ ಫಾಜಿನ್ ಅವರೊಡನೆ ಸೇರಿ ಸಿನಾಪ್ಟಿಕ್ಸ್ ಎಂಬ ಕಂಪನಿಯನ್ನು ಸ್ಥಾಪಿಸಿದರು. ಈ ಫಾಜಿನ್ ಅವರು 1971ರಲ್ಲಿ ಹೊರಬಂದ ಇಂಟೆಲ್ 4004 ಎಂಬ ಪ್ರಸಿದ್ಧ ಮೈಕ್ರೋಪ್ರೊಸೆಸರಿನ ನಿರ್ಮಾಣದಲ್ಲಿ ಪ್ರಮುಖರಾಗಿದ್ದವರು. ನರಜಾಲವನ್ನು ಚಿಪ್ಪಿನಲ್ಲಿ ಕಟ್ಟುವುದೇ ಆ ಕಂಪನಿಯ ಉದ್ದೇಶವಾಗಿತ್ತು. ಅದರ ಹೆಸರು ಕೂಡ ನರಸಂಧಿಯನ್ನು ಸೂಚಿಸುವ ಸಿನಾಪ್ಸ್ ಎಂಬ ಶಬ್ದವನ್ನು ನೆನಪಿಗೆ ತರುತ್ತದೆ.

ಆದರೆ ಕಂಪನಿಗೆ ಸಂಪತ್ತು ತಂದುಕೊಟ್ಟದ್ದು ನರಜಾಲವಲ್ಲ. ಮಡಿಲ ಗಣಕದ ಮೇಲೆ ಬೆರಳಾಡಿಸುವ ಸ್ಪರ್ಶಫಲಕವೇ 1990ರ ದಶಕದಲ್ಲಿ ಅದರ ಮುಖ್ಯ ವ್ಯಾಪಾರವಾಯಿತು. 2002ರಲ್ಲಿ ಅದರ ಷೇರುಗಳು ನ್ಯಾಸ್‌ಡ್ಯಾಕ್ ಪೇಟೆಗೆ ಬಂದಾಗ ಕೊಂಡವರು ಕೊಂಡದ್ದು ಸ್ಪರ್ಶಫಲಕದ ವ್ಯಾಪಾರವನ್ನು. ಸಂಶೋಧನೆ ವ್ಯರ್ಥವಾಯಿತೆಂದು ಇದರಿಂದ ಹೇಳಲಾಗದು. ಫಲವು ನಿರೀಕ್ಷಿಸದ ಕೊಂಬೆಯಲ್ಲಿ ಬಿಟ್ಟಿತು. ಈ ಕ್ಷೇತ್ರದಲ್ಲಿ ಹಣ ಹೂಡಬಯಸುವವರು ನೆನಪಿಡಬೇಕಾದ ಮೊದಲನೆಯ ಪಾಠವಿದು.

ಸರ್ಕಾರದ ಹಣ, ಕಂಪನಿಯ ಕೀರ್ತಿ

ಎರಡನೆಯ ಘಟ್ಟವು 2008ರಲ್ಲಿ ಆರಂಭವಾಯಿತು. ಅಮೆರಿಕೆಯ ರಕ್ಷಣಾ ಇಲಾಖೆಯ ಸಂಶೋಧನಾ ಅಂಗವಾದ ಡಾರ್ಪಾ, ‘ಸಿನಾಪ್ಸ್’ ಎಂಬ ಯೋಜನೆಗೆ ಹಣ ನೀಡಿತು. ಐ.ಬಿ.ಎಂ. ಕಂಪನಿಯ ತಂಡವು ಕಾರ್ನೆಲ್ ಮೊದಲಾದ ವಿಶ್ವವಿದ್ಯಾಲಯಗಳೊಡನೆ ಕೂಡಿ ದುಡಿಯಿತು. ತಂಡದ ನಾಯಕರು ಭಾರತೀಯ ಮೂಲದ ಧರ್ಮೇಂದ್ರ ಮೋಧಾ. 2014ರಲ್ಲಿ ‘ಟ್ರೂನಾರ್ತ್’ ಎಂಬ ಚಿಪ್ಪು ಪ್ರಕಟವಾಯಿತು. ಅದರಲ್ಲಿ 540 ಕೋಟಿ ಟ್ರಾನ್ಸಿಸ್ಟರುಗಳು, 10 ಲಕ್ಷ ಕೃತಕ ನರಕೋಶಗಳು, 25.6 ಕೋಟಿ ನರಸಂಧಿಗಳು. ಅದು ಬಳಸುತ್ತಿದ್ದ ವಿದ್ಯುತ್ತು ಒಂದು ವಾಟಿನ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ, ಸುಮಾರು 70 ಮಿಲಿವಾಟ್. ವಿಜ್ಞಾನದ ದೃಷ್ಟಿಯಿಂದ ಇದು ನಿಸ್ಸಂಶಯವಾಗಿ ಮಹತ್ಸಾಧನೆ.

ಇನ್ನು ವ್ಯಾಪಾರದ ದೃಷ್ಟಿಯಿಂದ ನೋಡೋಣ. 2016ರಲ್ಲಿ ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯವು ಇಂಥ 16 ಚಿಪ್ಪುಗಳ ವ್ಯವಸ್ಥೆಯೊಂದನ್ನು 10 ಲಕ್ಷ ಡಾಲರುಗಳ ಒಪ್ಪಂದದಲ್ಲಿ ಪಡೆಯಿತು. ಅದೇ ವರ್ಷ ಐ.ಬಿ.ಎಂ.ನ ಒಟ್ಟು ಆದಾಯ ಸುಮಾರು 8,000 ಕೋಟಿ ಡಾಲರು. ಅಂದರೆ ಆ ಒಪ್ಪಂದವು ಕಂಪನಿಯ ಆದಾಯದ ಎಂಬತ್ತು ಸಾವಿರದಲ್ಲಿ ಒಂದು ಭಾಗ! ಪತ್ರಿಕೆಗಳ ಶಿರೋನಾಮೆಯನ್ನು ನೋಡಿ ಐ.ಬಿ.ಎಂ. ಷೇರನ್ನು ಕೊಂಡವರು ನಿಜವಾಗಿ ಕೊಂಡದ್ದು ಆ ಕಂಪನಿಯ ಇತರ ವ್ಯಾಪಾರಗಳನ್ನೇ ಹೊರತು ಮಿದುಳಿನ ಚಿಪ್ಪನ್ನಲ್ಲ. 2023ರಲ್ಲಿ ಮೋಧಾ ಅವರ ತಂಡವು ‘ನಾರ್ತ್‌ಪೋಲ್’ ಎಂಬ ಇನ್ನೊಂದು ಚಿಪ್ಪನ್ನು ಪ್ರಕಟಿಸಿತು. ಸ್ಮೃತಿಯನ್ನೂ ಗಣನೆಯನ್ನೂ ಒಂದೇ ಹಲಗೆಯ ಮೇಲೆ ಹೆಣೆದ ವಿನ್ಯಾಸವದು. ಇದರಲ್ಲಿ 2,200 ಕೋಟಿ ಟ್ರಾನ್ಸಿಸ್ಟರುಗಳಿವೆ. ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಏರಲು ಹಿಡಿದ ಕಾಲ ಒಂಬತ್ತು ವರ್ಷಗಳೆಂಬುದನ್ನು ಗಮನಿಸಬೇಕು.

ಯುರೋಪಿನ ಯಜ್ಞ, ಇಂಟೆಲ್ಲಿನ ಬಳಗ

ಯುರೋಪಿನಲ್ಲಿ ನಡೆದದ್ದು ಇನ್ನೂ ದೊಡ್ಡ ಪ್ರಯತ್ನ. 2013ರಿಂದ 2023ರವರೆಗೆ ಹತ್ತು ವರ್ಷ ನಡೆದ ಮಾನವ ಮಿದುಳು ಯೋಜನೆಯಲ್ಲಿ ಹಲವು ದೇಶಗಳ ನೂರಾರು ವಿಜ್ಞಾನಿಗಳು ಭಾಗಿಗಳಾದರು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸ್ಟೀವ್ ಫರ್ಬರ್ ಅವರ ನೇತೃತ್ವದ ‘ಸ್ಪಿನೇಕರ್’ ಯಂತ್ರವು 2018ರಲ್ಲಿ ಹತ್ತು ಲಕ್ಷ ಸಂಸ್ಕಾರಕಗಳನ್ನು ಪಡೆಯಿತು. ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ‘ಬ್ರೇನ್‌ಸ್ಕೇಲ್ಸ್’ ಎಂಬ ಮತ್ತೊಂದು ಯಂತ್ರ ಸಿದ್ಧವಾಯಿತು. ಇವುಗಳಿಂದ ನರವಿಜ್ಞಾನಕ್ಕೆ ಉಪಕಾರವಾಯಿತು, ತರುಣ ಸಂಶೋಧಕರ ಒಂದು ಪೀಳಿಗೆಯೇ ಸಿದ್ಧವಾಯಿತು. ಲಾಭಾಂಶ ಹಂಚುವುದು ಇಂಥ ಯೋಜನೆಗಳ ಗುರಿಯೇ ಅಲ್ಲ.

ಕಂಪನಿಯೊಂದು ತಾನೇ ಮುಂದೆ ನಿಂತು ಕಟ್ಟಿದ ಸಹಯೋಗಕ್ಕೆ ಇಂಟೆಲ್ ಉತ್ತಮ ಉದಾಹರಣೆ. 2017ರಲ್ಲಿ ಅದು ‘ಲೋಯಿಹಿ’ ಎಂಬ ಚಿಪ್ಪನ್ನು ಪ್ರಕಟಿಸಿತು; 2018ರಲ್ಲಿ ವಿಶ್ವವಿದ್ಯಾಲಯಗಳನ್ನೂ ಪ್ರಯೋಗಾಲಯಗಳನ್ನೂ ಸೇರಿಸಿ ಒಂದು ಸಂಶೋಧಕ ಬಳಗವನ್ನು ಸ್ಥಾಪಿಸಿತು. 2019ರಲ್ಲಿ ಅಕ್ಸೆಂಚರ್, ಏರ್‌ಬಸ್, ಜಿ.ಇ., ಹಿಟಾಚಿ ಮೊದಲಾದ ದೊಡ್ಡ ಸಂಸ್ಥೆಗಳು ಆ ಬಳಗಕ್ಕೆ ಸೇರಿದವು. 2020ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದವರೊಡನೆ ನಡೆಸಿದ ಪ್ರಯೋಗವೊಂದರಲ್ಲಿ ಲೋಯಿಹಿಯು ಹತ್ತು ಬಗೆಯ ಅಪಾಯಕಾರಿ ರಾಸಾಯನಿಕಗಳ ವಾಸನೆಯನ್ನು ಗುರುತಿಸಲು ಕಲಿಯಿತು. 2021ರಲ್ಲಿ ಎರಡನೆಯ ಲೋಯಿಹಿ ಬಂದಿತು. 2024ರ ಏಪ್ರಿಲ್‌ನಲ್ಲಿ ಅಂಥ 1,152 ಚಿಪ್ಪುಗಳನ್ನು ಕೂಡಿಸಿದ ‘ಹಾಲಾ ಪಾಯಿಂಟ್’ ಎಂಬ ಯಂತ್ರವು ಅಮೆರಿಕೆಯ ಸಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯವನ್ನು ಸೇರಿತು. ಅದರಲ್ಲಿರುವ ಕೃತಕ ನರಕೋಶಗಳು 115 ಕೋಟಿ. ಅದು ಬಳಸುವ ವಿದ್ಯುತ್ತು ಹೆಚ್ಚೆಂದರೆ 2,600 ವಾಟ್. ನಮ್ಮ ಮಿದುಳಿನ ನರಕೋಶಗಳಲ್ಲಿ ಎಪ್ಪತ್ತೈದರಲ್ಲಿ ಒಂದು ಪಾಲಿನಷ್ಟು ಸಂಖ್ಯೆಗೆ ನಮ್ಮ ಮಿದುಳಿಗಿಂತ ನೂರಮೂವತ್ತು ಪಟ್ಟು ಶಕ್ತಿ! ನಿಸರ್ಗದ ಶಿಲ್ಪ ಎಷ್ಟು ಎತ್ತರದಲ್ಲಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ ಷೇರಿನ ಕಡೆಗೆ ತಿರುಗೋಣ. ಹಾಲಾ ಪಾಯಿಂಟ್ ಪ್ರಕಟವಾದ ಅದೇ 2024ನೆಯ ವರ್ಷದ ಆಗಸ್ಟ್ ತಿಂಗಳಲ್ಲಿ ಇಂಟೆಲ್ ಕಂಪನಿಯು ನೌಕರರಲ್ಲಿ ಶೇಕಡಾ 15ರಷ್ಟು ಮಂದಿಯನ್ನು ಕಡಿಮೆ ಮಾಡುವುದಾಗಿಯೂ ಲಾಭಾಂಶ ನೀಡಿಕೆಯನ್ನು ನಿಲ್ಲಿಸುವುದಾಗಿಯೂ ಸಾರಿತು. ಆ ಒಂದು ವರ್ಷದಲ್ಲಿ ಅದರ ಷೇರಿನ ಬೆಲೆ ಅರ್ಧಕ್ಕಿಂತ ಹೆಚ್ಚು ಕುಸಿಯಿತು. ಇದಕ್ಕೆ ಮಿದುಳಿನ ಚಿಪ್ಪು ಕಾರಣವಲ್ಲ. ಅದು ತಡೆಯಲೂ ಆಗಲಿಲ್ಲ. ಕಂಪನಿಯ ಮುಖ್ಯ ಜೀವನೋಪಾಯವಾದ ಇತರ ಚಿಪ್ಪುಗಳ ವ್ಯಾಪಾರವೂ ಕಾರ್ಖಾನೆಗಳ ನಷ್ಟವೂ ಷೇರಿನ ಗತಿಯನ್ನು ನಿರ್ಧರಿಸಿದವು. ಪ್ರಯೋಗಾಲಯದ ಗೆಲುವು ಬೇರೆ, ಲೆಕ್ಕಪತ್ರದ ಗೆಲುವು ಬೇರೆ ಎಂಬುದು ಎರಡನೆಯ ಪಾಠ.

ಬೆಂಗಳೂರಿನಲ್ಲಿ ಬೆಳಗಿದ ದೀಪ

ಈ ಕಥೆಯಲ್ಲಿ ಕನ್ನಡನಾಡಿಗೂ ಗೌರವದ ಸ್ಥಾನವಿದೆ. ಲಿಯಾನ್ ಚುವಾ ಎಂಬ ವಿದ್ವಾಂಸರು 1971ರಲ್ಲಿ ‘ಮೆಮ್‌ರಿಸ್ಟರ್’ ಎಂಬ ವಿದ್ಯುತ್ ಘಟಕವನ್ನು ಗಣಿತದಿಂದ ಊಹಿಸಿದ್ದರು. ತನ್ನ ಮೂಲಕ ಹಿಂದೆ ಹರಿದ ವಿದ್ಯುತ್ತಿನ ನೆನಪನ್ನು ಉಳಿಸಿಕೊಳ್ಳುವ ಘಟಕವದು. ನರಸಂಧಿಗೆ ಬಹಳ ಹತ್ತಿರವಾದ ಗುಣ. ಅದನ್ನು ಪ್ರಯೋಗಾಲಯದಲ್ಲಿ ತೋರಿಸಿದುದಾಗಿ 2008ರಲ್ಲಿ ಸಾರಿದವರು ಹ್ಯೂಲೆಟ್ ಪ್ಯಾಕಾರ್ಡ್ ಕಂಪನಿಯ ಸ್ಟಾನ್ಲಿ ವಿಲಿಯಮ್ಸ್ ಮತ್ತು ಸಂಗಡಿಗರು.

2024ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಶ್ರೀತೋಷ್ ಗೋಸ್ವಾಮಿಯವರ ತಂಡವು ‘ನೇಚರ್’ ಪತ್ರಿಕೆಯಲ್ಲಿ ಒಂದು ಶೋಧವನ್ನು ಪ್ರಕಟಿಸಿತು. ಅಣುಗಳ ತೆಳುಪದರದಿಂದ ಮಾಡಿದ ಅವರ ಮೆಮ್‌ರಿಸ್ಟರು, ಸೊನ್ನೆ-ಒಂದು ಎಂಬ ಎರಡೇ ಸ್ಥಿತಿಗಳಿಗೆ ಬದಲಾಗಿ ಸುಮಾರು 16,500 ಸ್ಥಿತಿಗಳಲ್ಲಿ ಅಂಕಿಯನ್ನು ನೆನಪಿಡಬಲ್ಲದು. ಹೊಸ್ತಿಲ ದೀಪವನ್ನು ಹಚ್ಚುವುದು ಇಲ್ಲವೇ ಆರಿಸುವುದು ಎಂಬ ಎರಡು ಅವಸ್ಥೆಗಳ ಬದಲು, ಕುಡಿಯನ್ನು ಸಾವಿರಾರು ಹದಗಳಲ್ಲಿ ಏರಿಸಿ ಇಳಿಸಬಲ್ಲ ದೀಪವನ್ನು ಕಲ್ಪಿಸಿಕೊಂಡರೆ ಇದರ ಹಿರಿಮೆ ತಿಳಿದೀತು. ಈ ಶೋಧದ ಸಹಕರ್ತೃಗಳಲ್ಲಿ ಐರ್ಲೆಂಡಿನ ಲಿಮರಿಕ್ ವಿಶ್ವವಿದ್ಯಾಲಯದ ಡೇಮಿಯನ್ ಥಾಂಪ್ಸನ್ ಅವರೂ, ಈಗ ಟೆಕ್ಸಸ್‌ನ ಪ್ರಾಧ್ಯಾಪಕರೆನಿಸಿದ ಅದೇ ಸ್ಟಾನ್ಲಿ ವಿಲಿಯಮ್ಸ್ ಅವರೂ ಇದ್ದಾರೆ. ಅದೇ ಸಂಸ್ಥೆಯ ಚೇತನ್ ಸಿಂಗ್ ಠಾಕೂರ್ ಅವರ ತಂಡವು ಅಮೆರಿಕೆಯ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಶಾಂತನು ಚಕ್ರಬರ್ತಿಯವರೊಡನೆ ನಡೆಸಿದ ಕೆಲಸದಿಂದ ‘ಆರ್ಯಭಟ’ ಎಂಬ ಚಿಪ್ಪಿನ ಮಾದರಿಯು 2022ರಲ್ಲಿ ಬೆಳಕಿಗೆ ಬಂದಿತು.

ಮೈಸೂರು ಸಂಸ್ಥಾನವು ಭೂಮಿ ಕೊಟ್ಟು, ತಾತಾ ಮನೆತನವು ಧನ ಕೊಟ್ಟು, 1909ರಲ್ಲಿ ಆರಂಭವಾದ ವಿದ್ಯಾಸಂಸ್ಥೆಯಿಂದ ಇಂಥ ಕೆಲಸ ಬರುತ್ತಿರುವುದು ಹೆಮ್ಮೆಯ ವಿಷಯ. ಆದರೆ ವಿಜ್ಞಾನ ಸಂಸ್ಥೆಯ ಷೇರು ಯಾವ ಪೇಟೆಯಲ್ಲಿಯೂ ಸಿಗುವುದಿಲ್ಲ. ಅಣುವಿನ ಪದರವು ಪ್ರಯೋಗಾಲಯದಿಂದ ಹೊರಬಂದು ಕೋಟಿಗಟ್ಟಲೆ ಸಂಖ್ಯೆಯಲ್ಲಿ ತಪ್ಪಿಲ್ಲದೆ ತಯಾರಾಗುವ ಸರಕಾಗುವ ದಾರಿ ದೀರ್ಘವಾದುದು. ಈ ಸುದ್ದಿಯ ನೆಪದಲ್ಲಿ ಯಾರಾದರೂ ಯಾವುದೋ ಕಂಪನಿಯ ಷೇರನ್ನು ಮಾರಲು ಬಂದರೆ, ಆ ಕಂಪನಿಗೂ ಈ ಶೋಧಕ್ಕೂ ಇರುವ ಲಿಖಿತ ಸಂಬಂಧವನ್ನು ತೋರಿಸಿರೆಂದು ಕೇಳುವುದು ಗೃಹಸ್ಥನ ಕರ್ತವ್ಯ.

ಒಂದು ಹೆಸರು ತಂದ ಏರಿಳಿತ

ಮಿದುಳು-ಪ್ರೇರಿತ ಚಿಪ್ಪನ್ನೇ ತನ್ನ ಮುಖ್ಯ ವ್ಯವಹಾರವನ್ನಾಗಿ ಮಾಡಿಕೊಂಡು ಷೇರುಪೇಟೆಯಲ್ಲಿ ಇರುವ ಕಂಪನಿಗಳು ವಿರಳ. ಅವುಗಳಲ್ಲಿ ಆಸ್ಟ್ರೇಲಿಯದ ಪೇಟೆಯಲ್ಲಿರುವ ‘ಬ್ರೇನ್‌ಚಿಪ್’ ಒಂದು. 2022ರ ಜನವರಿಯಲ್ಲಿ ಜರ್ಮನಿಯ ಮರ್ಸಿಡಿಸ್ ಬೆಂಜ್ ಕಂಪನಿಯು ತಾನು ಪ್ರದರ್ಶಿಸಿದ ಪ್ರಾಯೋಗಿಕ ಕಾರೊಂದರಲ್ಲಿ, ಚಾಲಕನ ಕರೆಯನ್ನು ಗುರುತಿಸಲು ಬ್ರೇನ್‌ಚಿಪ್‌ನ ‘ಅಕಿಡಾ’ ಎಂಬ ಚಿಪ್ಪನ್ನು ಬಳಸಿದುದಾಗಿ ತಿಳಿಸಿತು. ಮರ್ಸಿಡಿಸ್ ಎಂಬ ಹೆಸರು ಕೇಳಿದ್ದೇ ತಡ, ಜನರು ಮುಗಿಬಿದ್ದರು. ಅದೇ ತಿಂಗಳಲ್ಲಿ ಷೇರಿನ ಬೆಲೆ 2 ಆಸ್ಟ್ರೇಲಿಯನ್ ಡಾಲರುಗಳನ್ನು ಮೀರಿತು. ಸರಿಯಾಗಿ ಎರಡು ವರ್ಷಗಳ ಅನಂತರ, 2024ರ ಜನವರಿಯಲ್ಲಿ, ಅದೇ ಷೇರು 20 ಸೆಂಟುಗಳಿಗಿಂತ ಕೆಳಗಿತ್ತು. 2023ರ ಇಡೀ ವರ್ಷದ ಕಂಪನಿಯ ಆದಾಯವು 10 ಲಕ್ಷ ಡಾಲರುಗಳನ್ನೂ ಮುಟ್ಟಲಿಲ್ಲ.

ಇಲ್ಲಿ ಯಾರೂ ಸುಳ್ಳು ಹೇಳಲಿಲ್ಲವೆಂಬುದನ್ನು ಗಮನಿಸಬೇಕು. ಚಿಪ್ಪು ನಿಜ, ಕಾರು ನಿಜ, ಸಹಯೋಗವೂ ನಿಜ. ಪ್ರದರ್ಶನದ ಒಂದು ಕಾರಿನಲ್ಲಿ ಬಳಕೆಯಾದುದನ್ನು ಲಕ್ಷಾಂತರ ಕಾರುಗಳ ಬೇಡಿಕೆಯೆಂದು ಭಾವಿಸಿದ್ದು ಕೊಂಡವರ ಕಲ್ಪನೆ. ಆ ಜನವರಿಯ ಉತ್ಸಾಹದಲ್ಲಿ ಮಗಳ ಮದುವೆಯ ಒಂದು ಲಕ್ಷ ರೂಪಾಯಿಯನ್ನು ಹಾಕಿದ ಸಂಸಾರವೊಂದಿದ್ದರೆ, ಎರಡು ವರ್ಷದಲ್ಲಿ ಅದರ ಕೈಯಲ್ಲಿ ಹತ್ತು ಸಾವಿರ ಉಳಿಯುತ್ತಿತ್ತು. ಮುಹೂರ್ತವು ಷೇರು ಚೇತರಿಸುವವರೆಗೆ ಕಾಯುವುದಿಲ್ಲ.

ಹಾಗಾದರೆ ಫಲವೇ ಇಲ್ಲವೆ?

ಇದೆ, ಆದರೆ ಅದು ಬರುವ ಕಾಲವೂ ದಾರಿಯೂ ಬೇರೆ. 1943ರಲ್ಲಿ ಮೆಕಲಕ್ ಮತ್ತು ಪಿಟ್ಸ್ ಎಂಬುವರು ನರಕೋಶದ ಗಣಿತರೂಪವನ್ನು ಬರೆದರು. 1958ರಲ್ಲಿ ಫ್ರಾಂಕ್ ರೋಸೆನ್‌ಬ್ಲಾಟ್ ಕಲಿಯಬಲ್ಲ ನರಜಾಲವನ್ನು ಮುಂದಿಟ್ಟರು. ಆಮೇಲೆ ದೀರ್ಘಕಾಲ ಉಪೇಕ್ಷೆ. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಜೆಫ್ರಿ ಹಿಂಟನ್ ಮತ್ತು ಅವರ ಇಬ್ಬರು ಶಿಷ್ಯರು ಚಿತ್ರಗಳನ್ನು ಗುರುತಿಸುವ ಸ್ಪರ್ಧೆಯನ್ನು ನರಜಾಲದಿಂದ ಗೆದ್ದರು. ಅದಕ್ಕೆ ಅವರು ಬಳಸಿದ್ದು ಎನ್ವಿಡಿಯಾ ಕಂಪನಿಯ ಎರಡು ಚಿಪ್ಪುಗಳನ್ನು; ಗಣಕದ ಆಟಗಳಿಗಾಗಿ ಪೇಟೆಯಲ್ಲಿ ಮಾರುತ್ತಿದ್ದ ಸಾಮಾನ್ಯ ಸರಕು ಅದು. 2024ರಲ್ಲಿ ಹಿಂಟನ್ ಅವರಿಗೂ ಜಾನ್ ಹಾಪ್‌ಫೀಲ್ಡ್ ಅವರಿಗೂ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ಬಂದಿತು. ಎನ್ವಿಡಿಯಾ ಈ ನಡುವೆ ಪ್ರಪಂಚದ ಅತ್ಯಂತ ಮೌಲ್ಯಯುತ ಕಂಪನಿಗಳ ಸಾಲಿಗೆ ಸೇರಿತು.

ಮಿದುಳಿನಿಂದ ಬಂದ ವಿಚಾರವು 54 ವರ್ಷ ಕಾದು, ಮಿದುಳನ್ನು ಅನುಸರಿಸದ ಚಿಪ್ಪಿನ ಮೇಲೆ ಫಲಿಸಿದ ವಿಚಿತ್ರವಿದು. ಎನ್ವಿಡಿಯಾ 2007ರಲ್ಲಿಯೇ ತನ್ನ ಚಿಪ್ಪುಗಳನ್ನು ಇತರ ಗಣನೆಗಳಿಗೂ ಬಳಸಲು ತಕ್ಕ ‘ಕುಡಾ’ ಎಂಬ ತಂತ್ರಾಂಶವನ್ನು ಒದಗಿಸಿತ್ತು. ಸಂಶೋಧಕರು ಬಂದಾಗ ಉಪಕರಣವು ಕೈಗೆಟಕುವಂತಿತ್ತು. ಹೊಸ ಬಗೆಯ ಚಿಪ್ಪಿಗೆ ಕಾರ್ಯಕ್ರಮ ಬರೆಯಬಲ್ಲವರು ಮೊದಲು ಬೆರಳೆಣಿಕೆಯಷ್ಟು ಮಂದಿ. ಇಂಟೆಲ್ 2021ರಲ್ಲಿ ‘ಲಾವಾ’ ಎಂಬ ತಂತ್ರಾಂಶವನ್ನು ಎಲ್ಲರಿಗೂ ಮುಕ್ತವಾಗಿಟ್ಟದ್ದು ಈ ಕೊರತೆಯನ್ನು ತುಂಬುವುದಕ್ಕಾಗಿಯೇ. ಸಹಯೋಗಗಳ ನಿಜವಾದ ಬೆಲೆಯಿರುವುದು ಇಲ್ಲಿ: ಅವು ಬಲ್ಲವರನ್ನು ಬೆಳೆಸುತ್ತವೆ. ಬಲ್ಲವರು ಬೆಳೆದಮೇಲೆ ಪೇಟೆ ಬೆಳೆಯುತ್ತದೆ.

ಕೇಳಬೇಕಾದ ಐದು ಪ್ರಶ್ನೆಗಳು

ಸಹಯೋಗದ ಸುದ್ದಿ ಬಂದಾಗ ಮನೆಯ ಹಿರಿಯರೂ ಕಿರಿಯರೂ ಕೂಡಿ ಕುಳಿತು ಈ ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು.

ಒಂದು: ಹಣವನ್ನು ಯಾರು ಯಾರಿಗೆ ಕೊಡುತ್ತಿದ್ದಾರೆ? ಕಂಪನಿಯು ವಿಶ್ವವಿದ್ಯಾಲಯಕ್ಕೆ ಚಿಪ್ಪನ್ನು ಕಡವಾಗಿ ಕೊಟ್ಟರೆ ಅದು ಖರ್ಚು. ಇನ್ನೊಂದು ಕಂಪನಿಯು ಬೆಲೆ ತೆತ್ತು ಕೊಂಡರೆ ಮಾತ್ರ ಆದಾಯ.

ಎರಡು: ಇದು ಪ್ರಯೋಗವೋ, ಮಾದರಿಯೋ, ಮಾರುವ ಸರಕೋ? ಮೂರಕ್ಕೂ ನಡುವೆ ವರ್ಷಗಳ ಅಂತರವಿದೆ.

ಮೂರು: ಕಂಪನಿಯ ಒಟ್ಟು ಆದಾಯದಲ್ಲಿ ಇದರ ಪಾಲೆಷ್ಟು? ಐ.ಬಿ.ಎಂ.ನ ಲೆಕ್ಕವನ್ನು ನೆನೆದರೆ ಸಾಕು.

ನಾಲ್ಕು: ಚಿಪ್ಪನ್ನು ತಯಾರಿಸುವವರು ಯಾರು? ವಿನ್ಯಾಸ ಮಾಡುವವರೆಲ್ಲ ಕಾರ್ಖಾನೆ ಇಟ್ಟಿರುವುದಿಲ್ಲ. ಟ್ರೂನಾರ್ತ್ ತಯಾರಾದದ್ದು ಸ್ಯಾಮ್‌ಸಂಗ್ ಕಾರ್ಖಾನೆಯಲ್ಲಿ, ಅಕಿಡಾ ತಯಾರಾದದ್ದು ತೈವಾನಿನ ಟಿ.ಎಸ್.ಎಂ.ಸಿ.ಯಲ್ಲಿ. ಯಾವ ವಿನ್ಯಾಸ ಗೆದ್ದರೂ ಕಾರ್ಖಾನೆಯವರಿಗೆ ಕೆಲಸವುಂಟು.

ಐದು: ಈ ಹಣವು ಹತ್ತು ವರ್ಷ ಮರಳಿ ಬಾರದಿದ್ದರೆ ಸಂಸಾರ ನಡೆದೀತೆ? ಮೇಲಿನ ನಾಲ್ಕಕ್ಕೆ ಕಂಪನಿಯ ವಾರ್ಷಿಕ ವರದಿಯಲ್ಲಿ ಉತ್ತರವನ್ನು ಹುಡುಕಬಹುದು. ಐದನೆಯದಕ್ಕೆ ಉತ್ತರವಿರುವುದು ಮನೆಯ ಜಮಾಖರ್ಚಿನ ಪುಸ್ತಕದಲ್ಲಿ ಮಾತ್ರ.

ಈ ಐದಕ್ಕೂ ಸಮಾಧಾನಕರವಾದ ಉತ್ತರ ದೊರೆತಲ್ಲಿ, ಉಳಿತಾಯದ ಸಣ್ಣದೊಂದು ಪಾಲನ್ನು, ಒಂದೇ ಕಂಪನಿಯಲ್ಲಿಡದೆ ಹಲವು ಕಡೆ ಹಂಚಿ ತೊಡಗಿಸುವುದರಲ್ಲಿ ದೋಷವಿಲ್ಲ. ಮಕ್ಕಳ ಶಾಲೆಯ ಶುಲ್ಕ, ವೃದ್ಧರ ಔಷಧ, ಸಾಲದ ಕಂತು ಇವುಗಳ ಹಣವನ್ನು ಮಾತ್ರ ಮುಟ್ಟಲಾಗದು. ಷೇರು ಸಲಹೆಗಾರನೆಂದು ಹೇಳಿಕೊಂಡು ಬರುವವನು ಸೆಬಿಯಲ್ಲಿ ನೋಂದಾಯಿತನೋ ಅಲ್ಲವೋ ಎಂಬುದನ್ನು ವಿಚಾರಿಸದೆ ಒಂದು ರೂಪಾಯಿಯನ್ನೂ ಕೊಡಬಾರದು.

ವಿಜ್ಞಾನದಲ್ಲಿ ಅಭಿರುಚಿಯುಳ್ಳ ಮಕ್ಕಳಿರುವ ಮನೆಗಳಿಗೆ ಇನ್ನೊಂದು ಮಾತು. ನರವಿಜ್ಞಾನ, ಭೌತಶಾಸ್ತ್ರ, ರಸಾಯನ, ವಿದ್ಯುನ್ಮಾನ ಇವೆಲ್ಲ ಕೂಡುವ ಸಂಗಮಸ್ಥಾನವಿದು. ಷೇರಿಗೆ ಹಾಕಬೇಕೆಂದಿರುವ ಹಣದಲ್ಲಿ ಒಂದಂಶವು ಮಗನ ಅಥವಾ ಮಗಳ ಉನ್ನತ ವ್ಯಾಸಂಗಕ್ಕೆ ಒದಗಿದರೆ, ಆ ಹೂಡಿಕೆಯ ಬೆಲೆಯನ್ನು ಯಾವ ಪೇಟೆಯ ಏರಿಳಿತವೂ ಇಳಿಸಲಾರದು.